ಸೆನ್ಸರ್ ಬದಲಾಯಿಸೋಕ್ ಮುಂಚೆ ವೈರ್ ನೋಡಿಸಿ

ಈ ಸಲ ಬೆಳೆ ವಿಷಯ ಅಲ್ಲ, ಗಾಡಿ ವಿಷಯ. ಬೆಳೆ ಮಂಡಿ ಸೇರ್ಬೇಕಾದ್ರೆ ಗಾಡಿ ಓಡ್ಬೇಕಲ್ಲ, ಅದಕ್ಕೇ ಬರೀತಿದೀನಿ. ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ನಮ್ಮದು ಹನ್ನೊಂದು ವರ್ಷದ ಹಳೇ ಡೀಸೆಲ್ ಪಿಕಪ್, ಕಾಮನ್ ರೈಲ್ ಇಂಜಿನ್ನು. ಹೋದ ತಿಂಗಳು 90 ಬಾಕ್ಸ್ ಟೊಮೆಟೊ ಹಾಕ್ಕೊಂಡು ಕೋಲಾರದ ಮಂಡಿಗೆ ಹೊರಟಿದ್ದೆ. ಅರ್ಧ ದಾರೀಲಿ ಇಂಜಿನ್ ನಿಂತೋಯ್ತು. ಕೆಮ್ಮಲಿಲ್ಲ, ಜರ್ಕ್ ಹೊಡೀಲಿಲ್ಲ, ಸ್ವಿಚ್ ಆರಿಸಿದ ಹಾಗೆ ಆಫ್. ಎಷ್ಟು ಸೆಲ್ಫ್ ಹೊಡೆದ್ರೂ ಹತ್ತಲಿಲ್ಲ. ಮುಕ್ಕಾಲು ಗಂಟೆ ಬಿಟ್ಟು ಹೊಡೆದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್! ಮಂಡಿ ಸೇರೋ ಹೊತ್ತಿಗೆ ಒಳ್ಳೇ ರೇಟಿನ ಹರಾಜು ಮುಗಿದಿತ್ತು. ಬಾಕ್ಸಿಗೆ 40 ರೂಪಾಯಿ ಕಮ್ಮಿ. ಅಂದ್ರೆ 3,600 ರೂಪಾಯಿ ರಸ್ತೆಯಲ್ಲೇ ಹೋಯ್ತು.

ಗ್ಯಾರೇಜಿಗೆ ಬಿಟ್ಟೆ. ಸ್ಟೇರಿಂಗ್ ಕೆಳಗಿನ ಪೋರ್ಟಿಗೆ ಸ್ಕ್ಯಾನರ್ ಹಾಕಿದ್ರು, ಪಿ0335 ಅಂತ ಕೋಡ್ ಬಂತು. 'ಕ್ರ್ಯಾಂಕ್ ಸೆನ್ಸರ್ ಹೋಗಿದೆ' ಅಂದ್ರು. ಹೊಸ ಸೆನ್ಸರ್, ಕೂಲಿ ಎಲ್ಲಾ ಸೇರಿ 3,200. ನಾಲ್ಕನೇ ದಿನ ಗಾಡಿ ಮತ್ತೆ ಹಾಗೇ ನಿಂತ್ಕೊಂತು. ಮತ್ತೆ ಅದೇ ಕೋಡು. ಈ ಸಲ 'ಡೀಸೆಲ್ ಪಂಪ್ ಇರ್ಬೇಕು, ಇಳಿಸಿ ನೋಡೋಣ' ಅಂದ್ರು. ಪಂಪ್ ಅಂದ್ರೆ ಸಾವಿರದ ಲೆಕ್ಕ ಅಲ್ಲ, ಹತ್ತು ಸಾವಿರದ ಲೆಕ್ಕ. ನನಗೆ ಮನಸ್ಸು ಒಪ್ಪಲಿಲ್ಲ.

ಯಾಕೆ ಅಂದ್ರೆ ಎರಡನೇ ಸಲ ನಿಂತಾಗ ನಾನು ಒಂದು ವಿಷಯ ನೋಡಿದ್ದೆ. ಗಾಡಿ ಇನ್ನೂ ಗೇರಲ್ಲೇ ಉರುಳ್ತಾ ಇತ್ತು, ಅಂದ್ರೆ ಇಂಜಿನ್ ತಿರುಗ್ತಾನೇ ಇತ್ತು. ಆದ್ರೆ ಆರ್‌ಪಿಎಂ ಮುಳ್ಳು ದಪ್ ಅಂತ ಸೊನ್ನೆಗೆ ಬಿತ್ತು. ಡೀಸೆಲ್ ಬರದೇ ನಿಂತ್ರೆ ಮುಳ್ಳು ಗಾಡಿ ವೇಗದ ಜೊತೆಗೇ ನಿಧಾನವಾಗಿ ಇಳೀಬೇಕು. ಒಂದೇ ಸಲ ಬಿತ್ತು ಅಂದ್ರೆ ಸಿಗ್ನಲ್ ಕಟ್ ಆಗಿದೆ ಅಂತ.

ಈ ಸೆನ್ಸರ್ ಮಾಡೋ ಕೆಲಸ ಇಷ್ಟೇ. ಇಂಜಿನ್ ಜೊತೆ ತಿರುಗೋ ಚಕ್ರದಲ್ಲಿ ಹಲ್ಲುಗಳಿರುತ್ತೆ. ತುಂಬಾ ಗಾಡೀಲಿ 60 ಹಲ್ಲಿನ ಜಾಗದಲ್ಲಿ 58 ಇಟ್ಟು, ಎರಡು ಹಲ್ಲಿನ ಜಾಗ ಖಾಲಿ ಬಿಟ್ಟಿರ್ತಾರೆ. ಸೆನ್ಸರ್ ಒಳಗೆ ಒಂದು ಮ್ಯಾಗ್ನೆಟ್ಟು, ಒಂದು ತಾಮ್ರದ ಕಾಯಿಲ್. ಹಲ್ಲು ಮುಂದೆ ಹಾದಾಗೆಲ್ಲ ಸಣ್ಣ ಕರೆಂಟ್ ಹುಟ್ಟುತ್ತೆ. ಕಂಪ್ಯೂಟರ್ ಅದನ್ನ ಎಣಿಸಿ, ಖಾಲಿ ಜಾಗದಿಂದ ಪಿಸ್ಟನ್ ಎಲ್ಲಿದೆ ಅಂತ ತಿಳ್ಕೊಂಡು ಡೀಸೆಲ್ ಹೊಡೆಯುತ್ತೆ. ಎಣಿಕೆ ತಪ್ಪಿದ್ರೆ ಹೊಡೆಯೋದೇ ನಿಲ್ಲಿಸುತ್ತೆ.

ಪಿ0335 ಅಂದ್ರೆ 'ಸೆನ್ಸರ್ ಸತ್ತಿದೆ' ಅಂತಲ್ಲ, 'ಆ ಸೆನ್ಸರಿನ ಸರ್ಕ್ಯೂಟಲ್ಲಿ ತೊಂದರೆ' ಅಂತ. ಸರ್ಕ್ಯೂಟ್ ಅಂದ್ರೆ ಸೆನ್ಸರ್, ಕನೆಕ್ಟರ್, ವೈರ್, ಕಂಪ್ಯೂಟರ್ ಎಲ್ಲಾ ಸೇರಿ. ಗಿಡದ ಎಲೆ ಹಳದಿ ಆದ ತಕ್ಷಣ ಯೂರಿಯಾ ಚೆಲ್ಲೋರನ್ನ ನೋಡಿ ನಾವು ನಗ್ತೀವಿ. ಬೇರು ಕೊಳೆತಿರಬಹುದು, ನೀರು ಜಾಸ್ತಿ ಆಗಿರಬಹುದು. ಕೋಡ್ ನೋಡಿ ಸೆನ್ಸರ್ ಬದಲಾಯಿಸೋದೂ ಅದೇ ಕಥೆ.

ಕೊನೆಗೆ ಟೌನಲ್ಲಿ ಒಬ್ಬ ಗಾಡಿ ಎಲೆಕ್ಟ್ರೀಷಿಯನ್ ಹತ್ರ ಹೋದೆ. ಸಣ್ಣ ಹುಡುಗ. ಮೊದಲು ನನ್ನ ಹಳೇ ಸೆನ್ಸರ್ ಕೇಳಿದ, ಪುಣ್ಯಕ್ಕೆ ಎಸೆದಿರಲಿಲ್ಲ. ಮಲ್ಟಿಮೀಟರ್ ಇಟ್ಟ, 860 ಓಮ್ ಬಂತು. ಪಕ್ಕದ ಟೀ ಅಂಗಡಿಯಿಂದ ಬಿಸಿನೀರು ತರಿಸಿ, ಸೆನ್ಸರನ್ನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಅದರಲ್ಲಿ ಇಟ್ಟ. ನಿಧಾನವಾಗಿ ಏರಿ ಸಾವಿರದ ಮೇಲೆ ಹೋಗಿ ನಿಂತ್ಕೊಂತು. 'ತಾಮ್ರ ಬಿಸಿಯಾದ್ರೆ ಇಷ್ಟು ಏರೋದು ಸಹಜ ಅಣ್ಣಾ. ಒಳಗೆ ಕಟ್ ಆಗಿದ್ರೆ ಬಿಸಿಯಾದಾಗ ರೀಡಿಂಗೇ ಹೋಗ್ತಿತ್ತು. ಇದು ಚೆನ್ನಾಗೇ ಇದೆ' ಅಂದ.

ಆಮೇಲೆ ಬ್ಯಾಟರಿ ಬಿಚ್ಚಿ, ಎರಡೂ ಕಡೆ ಕನೆಕ್ಟರ್ ತೆಗೆದು, ಒಂದೊಂದು ವೈರನ್ನೂ ಆ ತುದಿಯಿಂದ ಈ ತುದಿಗೆ ಚೆಕ್ ಮಾಡಿದ. ವೈರಿಂದ ಬಾಡಿಗೂ ಮೀಟರ್ ಇಟ್ಟು ಅಲ್ಲಾಡಿಸಿದ. ಒಂದು ಕಡೆ ಅಲ್ಲಾಡಿಸಿದಾಗ ಮೀಟರ್ ಬೀಪ್ ಅಂತು. ಕ್ಲಿಪ್ ಮುರಿದು ವೈರ್ ಸೈಲೆನ್ಸರ್ ಪೈಪ್ ಹತ್ರದ ಬ್ರ್ಯಾಕೆಟ್ ಮೇಲೆ ಬಿದ್ದು, ತಿಕ್ಕಿ ತಿಕ್ಕಿ ತಾಮ್ರ ಕಾಣ್ತಿತ್ತು. ಇಂಜಿನ್ ಕಾದಾಗ ವೈರ್ ಮೆತ್ತಗಾಗಿ ಬ್ರ್ಯಾಕೆಟ್ಟಿಗೆ ತಾಗುತ್ತೆ, ಆರಿದ್ರೆ ಬಿಡುತ್ತೆ. ಬೆಸುಗೆ ಹಾಕಿ, ಸ್ಲೀವ್ ಏರಿಸಿ, ದೂರ ಎಳೆದು ಕಟ್ಟಿದ. ಅವತ್ತಿಂದ ಒಂದು ಸಲಾನೂ ನಿಂತಿಲ್ಲ.

ಎರಡು ಗಂಟೆ ಕೆಲಸ. 800 ಕೇಳಿದ. ನಾನು ಏನು ಮಾಡಿದೆ ಗೊತ್ತಾ? 'ವೈರ್ ಸುತ್ತೋಕೆ 800ಆ?' ಅಂತ ಚೌಕಾಸಿ ಮಾಡಿ 500 ಕೊಟ್ಟೆ. ಅವನು ನಗ್ತಾ, 'ಅಣ್ಣಾ, ಸೆನ್ಸರ್ ಹಾಕಿದವರಿಗೆ 3,200 ಮಾತಾಡದೇ ಕೊಟ್ರಲ್ಲ' ಅಂದ. ದಾರಿ ಪೂರ್ತಿ ಅದೇ ಮಾತು ತಲೇಲಿತ್ತು. ಮುಂದಿನ ವಾರ ಹೋಗಿ ಬಾಕಿ 300 ಕೊಟ್ಟು ಬಂದೆ.

ನನ್ನ ಅಭಿಪ್ರಾಯ ಇದೇನೇ. ಗ್ಯಾರೇಜಿನವರನ್ನ ಬೈಯೋದು ಸುಲಭ, ತಪ್ಪು ನಮ್ಮದೂ ಇದೆ. ಕೈಗೆ ಸಿಗೋ ಪಾರ್ಟಿಗೆ ದುಡ್ಡು ಕೊಡ್ತೀವಿ, ಹುಡುಕೋ ಕೆಲಸಕ್ಕೆ ಕೊಡಲ್ಲ. ಹುಡುಕಿದ್ದಕ್ಕೆ ಕೂಲಿ ಸಿಗಲ್ಲ ಅಂದ್ಮೇಲೆ ಅವರಾದ್ರೂ ಯಾಕೆ ಹುಡುಕ್ತಾರೆ? ಪಾರ್ಟ್ ಬದಲಾಯಿಸಿ ಬಿಲ್ ಕೊಡ್ತಾರೆ.

ಹಾಗಾಗಿ ಇನ್ಮೇಲೆ ಗಾಡಿ ಬಿಡುವಾಗಲೇ ಹೇಳಿ: 'ಮೊದಲು ಚೆಕ್ ಮಾಡಿ, ಅದಕ್ಕೆ ಬೇರೆ ಕೂಲಿ ಕೊಡ್ತೀನಿ.' ಕೋಡ್ ನಂಬರ್ ಬರ್ಕೊಳ್ಳಿ. ಗಾಡಿ ನಿಂತಾಗ ಮುಳ್ಳು ಏನಾಯ್ತು, ಇಂಜಿನ್ ಕಾದಿತ್ತಾ, ಹಳ್ಳ ಹಾರಿತ್ತಾ ಅಂತ ನೆನಪಿಟ್ಕೊಂಡು ಹೇಳಿ. ಹಳೇ ಪಾರ್ಟ್ ವಾಪಸ್ ಇಸ್ಕೊಳ್ಳಿ.

ಎರಡು ಎಚ್ಚರಿಕೆ. ಮೂರು ವೈರಿನ ಸೆನ್ಸರ್ ಆದ್ರೆ ಅದು ಬೇರೆ ಜಾತಿ ಇರಬಹುದು, ಓಮ್ ಲೆಕ್ಕ ನಡೆಯಲ್ಲ, ಗೊತ್ತಿದ್ದವರ ಕೈಲೇ ನೋಡಿಸಿ. ಇನ್ನೊಂದು, ಹಳೇ ಟ್ರ್ಯಾಕ್ಟರಲ್ಲಿ ಏರ್ ತೆಗೆಯೋಕೆ ಪೈಪ್ ಲೂಸ್ ಮಾಡ್ತಿದ್ವಲ್ಲ, ಕಾಮನ್ ರೈಲ್ ಇಂಜಿನ್ ಓಡ್ತಿರುವಾಗ ಆ ಕೆಲಸ ಮಾಡ್ಲೇಬೇಡಿ. ಒಳಗೆ ಡೀಸೆಲ್ ಒತ್ತಡ 1,000 ಬಾರ್ ದಾಟುತ್ತೆ, ಕಾರಿನ ಟೈರಲ್ಲಿ ಇರೋದು ಎರಡು ಚಿಲ್ಲರೆ. ಚರ್ಮ ತೂರಿ ಒಳಗೆ ಹೋಗುತ್ತೆ, ಕೈಯೇ ಹೋಗಬಹುದು.

50 ಎಚ್‌ಪಿ ಮೇಲಿನ ಟ್ರ್ಯಾಕ್ಟರಿಗೂ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದಿದೆ, ಅಲ್ಲೂ ಸೆನ್ಸರ್ ಜಾಸ್ತಿ ಆಗ್ತಿದೆ. ಸ್ಪ್ಯಾನರ್ ಹಿಡಿದ ಹಾಗೇ ಮೀಟರ್ ಹಿಡಿಯೋದನ್ನೂ ಮನೆ ಹುಡುಗರಿಗೆ ಕಲಿಸಿ. ನಾನೂ ಒಂದು ಮೀಟರ್ ತಂದಿದ್ದೀನಿ. ಬೇಕಾದವರು ಮನೆ ಹತ್ರ ಬನ್ನಿ, ಕೊಡ್ತೀನಿ, ಆದ್ರೆ ವಾಪಸ್ ತಂದ್ಕೊಡಿ!