23 ಕೆ.ಜಿ. ಲೆಕ್ಕ

ವೀಸಾ ಬಂದ ದಿನದಿಂದ ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಸಂಖ್ಯೆ, 23. ಅಕ್ಕನ ಬಾಣಂತನಕ್ಕೆ ಅಪ್ಪ-ಅಮ್ಮ ಅಮೆರಿಕಕ್ಕೆ ಹೊರಟಿದ್ದರು. ತಲಾ ಎರಡು ಸೂಟ್‌ಕೇಸ್, ಒಂದೊಂದಕ್ಕೆ 23 ಕೆ.ಜಿ. ಮಿತಿ. ಒಟ್ಟು 92. ‘ಕ್ವಿಂಟಾಲ್‌ಗೆ ಎಂಟೇ ಕಮ್ಮಿ, ಬೇಕಾದಷ್ಟಾಯ್ತಲ್ಲೋ’ ಅಂದ್ರು ಅಪ್ಪ. ತಿಪಟೂರಿನ ಕಡೆಯವರು, ಕೊಬ್ಬರಿ ಮಾರಿ ನಮ್ಮನ್ನು ಓದಿಸಿದವರು. ಅವರಿಗೆ ಎಲ್ಲವೂ ಕ್ವಿಂಟಾಲ್ ಲೆಕ್ಕ.

ಆದರೆ ಈ 92 ಕಾಗದದ ಮೇಲಷ್ಟೇ. ಟಿಕೆಟ್‌ನಲ್ಲಿ ‘2 ಪಿಸಿ’ ಅಂತಿದ್ದರೆ ಪ್ರತಿ ಪೆಟ್ಟಿಗೆಯನ್ನೂ ಬೇರೆಬೇರೆಯಾಗೇ ತೂಗ್ತಾರೆ. ಒಂದು 25 ಇದ್ದು ಇನ್ನೊಂದು 20 ಇದ್ದರೂ 25ರದ್ದಕ್ಕೆ ದಂಡ ಕಟ್ಟಬೇಕು. ‘30 ಕೆ’ ಅಂತಿದ್ದರೆ ಮಾತ್ರ ಒಟ್ಟು ತೂಕದ ಲೆಕ್ಕ. ಅಗ್ಗದ ಟಿಕೆಟ್‌ಗಳಲ್ಲಿ ಒಂದೇ ಪೆಟ್ಟಿಗೆ ಕೊಡೋದೂ ಉಂಟು, ಹಾಗಾಗಿ ಪಕ್ಕದ ಮನೆಯವರ ಅನುಭವ ಕೇಳೋ ಬದಲು ನಿಮ್ಮ ಟಿಕೆಟ್ ಓದಿ. ದುಡ್ಡು ಕೊಟ್ಟರೂ 32 ಕೆ.ಜಿ. ದಾಟಿದ ಪೆಟ್ಟಿಗೆ ಸಾಮಾನ್ಯವಾಗಿ ತಗೊಳ್ಳಲ್ಲ. ಅದನ್ನು ಎತ್ತಿ ಇಳಿಸುವ ಕೆಲಸಗಾರರ ಸೊಂಟ ಉಳೀಬೇಕಲ್ಲ.

ನನ್ನ ಚಿಂತೆ ದುಡ್ಡಿನದಾಗಿರಲಿಲ್ಲ. ಟರ್ಮಿನಲ್ ಬಾಗಿಲಲ್ಲಿ ಟಿಕೆಟ್ ನೋಡಿಯೇ ಒಳಗೆ ಬಿಡೋದು, ನಾನು ಹೊರಗೇ ನಿಲ್ಲಬೇಕು. ಕೌಂಟರ್‌ನಲ್ಲಿ ತೂಕ ಹೆಚ್ಚಾದರೆ, ಮೊದಲ ಸಲ ವಿಮಾನ ಹತ್ತುವ ಇಬ್ಬರು, ಹಿಂದೆ ಸಾಲು ನಿಂತಿರುವಾಗ, ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ ಯಾವುದನ್ನು ಬಿಸಾಕೋದು ಅಂತ ತೀರ್ಮಾನಿಸಬೇಕು. ಅಮ್ಮ ಗಾಬರಿಯಲ್ಲಿ ಲೇಹ್ಯದ ಡಬ್ಬಿಯನ್ನೇ ಬಿಟ್ಟು ಹೋಗ್ತಾಳೆ ಅಂತ ನನಗೆ ಗೊತ್ತು. ಅದಕ್ಕೇ ಮನೆಯಲ್ಲಿ ಮಿತಿ 22 ಅಂತ ಇಟ್ಟೆ.

ಮೊದಲು ತೂಗಬೇಕಾದ್ದು ಖಾಲಿ ಪೆಟ್ಟಿಗೆ. ಇದನ್ನು ಅಪ್ಪನಿಗೆ ಹೇಳಿಕೊಡಬೇಕಾಗಲಿಲ್ಲ, ಚೀಲದ ತೂಕ ಕಳೆಯದೆ ಅವರು ಯಾವತ್ತೂ ವ್ಯಾಪಾರ ಮಾಡಿದವರಲ್ಲ. ಗಟ್ಟಿ ಪ್ಲಾಸ್ಟಿಕ್‌ನ ಹಳೇ ಸೂಟ್‌ಕೇಸ್ ಐದು ಕೆ.ಜಿ. ಚಿಲ್ಲರೆ ಬಂತು, ಬಟ್ಟೆಯದ್ದು ಮೂರೂವರೆ. ಆ ಒಂದೂವರೆ ಕೆ.ಜಿ. ಅಂದ್ರೆ ಮೂರು ತಿಂಗಳ ಸಾರಿನ ಪುಡಿ! ಹಳೇದು ಅಟ್ಟಕ್ಕೇ ವಾಪಸ್ ಹೋಯ್ತು. ಕೈಯಲ್ಲಿ ನೇತುಹಾಕಿ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತೆ, ಆದರೆ ಕಣ್ಣುಮುಚ್ಚಿ ನಂಬಬೇಡಿ. ಒಡೆಯದ 10 ಕೆ.ಜಿ. ಅಕ್ಕಿ ಮೂಟೆ ನೇತುಹಾಕಿ ಎಷ್ಟು ತೋರಿಸುತ್ತೆ ನೋಡಿ. ನಮ್ಮದು 300 ಗ್ರಾಂ ಕಮ್ಮಿ ತೋರಿಸ್ತು.

ಆಮೇಲೆ ಶುರುವಾಯ್ತು ಜಗಳ. ರಾಗಿಹಿಟ್ಟು, ಅಕ್ಕಿ, ಬೇಳೆ ಎಲ್ಲ ಅಕ್ಕನ ಊರಿನ ಇಂಡಿಯನ್ ಸ್ಟೋರ್‌ನಲ್ಲೇ ಸಿಗುತ್ತೆ, ತೆಗಿ ಅಂದೆ. ಅಮ್ಮ ರಾಗಿ ಬಿಟ್ಟಳು, ಕುಕ್ಕರ್ ಬಿಡಲು ಎರಡು ದಿನ ತಗೊಂಡಳು. ಕರಿಬೇವು ಅಮೆರಿಕದೊಳಗೆ ಬಿಡಲ್ಲ. ಇಡೀ ಕೊಬ್ಬರಿ ಬಟ್ಟಲು ವಿಮಾನದಲ್ಲೇ ಒಯ್ಯೋ ಹಾಗಿಲ್ಲ. ಎಣ್ಣೆಯ ಅಂಶದಿಂದ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ಅದು ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ. ‘ನಲವತ್ತು ವರ್ಷ ಮನೇಲಿ ಗುಡ್ಡೆ ಹಾಕ್ಕೊಂಡು ಮಲಗಿದೀವಿ, ಹೊತ್ಕೊಳ್ತಂತಾ?’ ಅಂದ್ರು ಅಪ್ಪ. ಅವರ ಮುಖ ನೋಡಿ ನಾನು ನಿಯಮ ಇನ್ನೊಂದು ಸಲ ಓದಿ ಹೇಳೋಕೆ ಹೋಗಲಿಲ್ಲ.

ಅಲ್ಲಿ ಎಷ್ಟು ದುಡ್ಡು ಕೊಟ್ಟರೂ ಸಿಗದಿದ್ದದ್ದು ಎರಡೇ: ಅಮ್ಮನ ಕೈಯ ಬಾಣಂತಿ ಲೇಹ್ಯ, ಮತ್ತು ಒಗೆದೂ ಒಗೆದೂ ಮೆತ್ತಗಾದ ಅಪ್ಪನ ಹಳೇ ಪಂಚೆಗಳು, ಮಗುವಿಗೆ. ಪಂಚೆ ಹಗುರ, ಡಬ್ಬಿಗಳ ಸುತ್ತ ಸುತ್ತೋಕೂ ಆಯ್ತು. ಲೇಹ್ಯ, ಉಪ್ಪಿನಕಾಯಿ ಕೈಚೀಲದಲ್ಲಿ ಒಯ್ಯೋಕಾಗಲ್ಲ, 100 ಮಿ.ಲೀ. ನಿಯಮ ಅಡ್ಡ ಬರುತ್ತೆ. ಹಾಗಾಗಿ ಭಾರದ ಡಬ್ಬಿಗಳನ್ನು ಒಂದೇ ಪೆಟ್ಟಿಗೆಗೆ ತುಂಬದೆ ನಾಲ್ಕಕ್ಕೂ ಹಂಚಿದೆವು. ಒಂದು ಪೆಟ್ಟಿಗೆ ತಡವಾಗಿ ಬಂದರೂ ಎಲ್ಲಾ ಲೇಹ್ಯ ಅದರಲ್ಲೇ ಸಿಕ್ಕಿಕೊಳ್ಳಲ್ಲ. ಬಿ.ಪಿ. ಮಾತ್ರೆ, ಪವರ್ ಬ್ಯಾಂಕ್ ಕೈಚೀಲಕ್ಕೇ.

ಕೊನೆಗೆ ಪ್ರತಿ ಪೆಟ್ಟಿಗೆಯ ಮೇಲ್ಭಾಗದಲ್ಲಿ ಒಂದೊಂದು ಬಟ್ಟೆ ಚೀಲ ಇಟ್ಟು ‘ಜಾಸ್ತಿಯಾದ್ರೆ ಇದನ್ನು ತೆಗೀರಿ’ ಅಂತ ಚೀಟಿ ಅಂಟಿಸಿದೆ. ಏನಿಡಬೇಕು ಅನ್ನೋದನ್ನ ಅಮ್ಮನಿಗೇ ಬಿಟ್ಟೆ. ರಾತ್ರಿ ನೋಡಿದರೆ ನಾಲ್ಕು ಚೀಲದಲ್ಲೂ ಅವಳದ್ದೇ ಸೀರೆ, ಅವಳದ್ದೇ ಸ್ವೆಟರ್. ಅಕ್ಕನಿಗೆ ಅಂತ ತಗೊಂಡಿದ್ದು ಒಂದೂ ಇಲ್ಲ. ಹೋಗ್ತಿರೋದು ಡಿಸೆಂಬರ್ ಚಳಿಗೆ! ಸ್ವೆಟರ್ ಎರಡೂ ಮೈಮೇಲೆ ಹಾಕ್ಕೊಂಡೇ ಹೋಗಬೇಕು, ಮೈಮೇಲಿನ ಬಟ್ಟೆ ಯಾರೂ ತೂಗಲ್ಲ ಅಂತ ಗದರಿಸಿದೆ. ದೇವನಹಳ್ಳಿ ತಲುಪೋವರೆಗೂ ಸೆಕೆ ಸೆಕೆ ಅಂತಿದ್ದಳು.

ಹೊರಗೆ ಮುಕ್ಕಾಲು ಗಂಟೆ ಕಾದ ಮೇಲೆ ಅಪ್ಪನ ಫೋನ್ ಬಂತು. ‘ನಾಲ್ಕೂ ಪಾಸ್ ಕಣೋ. ಆದ್ರೆ ಇವರ ತಕ್ಕಡಿ ನಮ್ಮದಕ್ಕಿಂತ ಇನ್ನೂರು ಗ್ರಾಂ ಜಾಸ್ತಿ ತೋರಿಸ್ತದೆ. ಕೇಳ್ಲಾ?’

‘ಬೇಡಪ್ಪಾ’ ಅಂದೆ.