ಮುಖವನ್ನು ಒಪ್ಪಿಸುವ ಮುನ್ನ

ಪಣಜಿಯ ಫೊಂತೈನ್ಯಾಸ್ ಬಡಾವಣೆಯ ಹಳದಿ, ನೀಲಿ, ಇಟ್ಟಿಗೆಗೆಂಪು ಗೋಡೆಗಳ ಮುಂದೆ ವಿವಾಹಪೂರ್ವದ ಚಿತ್ರಗಳಿಗಾಗಿ ದೂರದ ನಗರಗಳಿಂದ ಪೆಟ್ಟಿಗೆಗಟ್ಟಲೆ ಉಡುಪುಗಳೊಡನೆ ಬಂದಿಳಿಯುವ ವಧೂವರರನ್ನೂ, ಅವರ ಸುತ್ತ ಬೆಳ್ಳಿಬಣ್ಣದ ಪ್ರತಿಫಲಕಗಳನ್ನು ಹಿಡಿದು ಸುಳಿದಾಡುವ ಸಹಾಯಕರನ್ನೂ, ಗಳಿಗೆಗೊಮ್ಮೆ ಹಣೆಯ ಬೆವರನ್ನೊತ್ತಿ ಪೌಡರು ಬಳಿಯುವ ಮೇಕಪ್ಪಿನವರನ್ನೂ ಕಂಡವರಿಗೆ, ಭಾವಚಿತ್ರವೊಂದಕ್ಕೆ ಸಿದ್ಧವಾಗುವ ಕಾರ್ಯವು ಇಂದು ಎಷ್ಟು ದೊಡ್ಡ ಉದ್ಯಮವಾಗಿದೆಯೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಅದೇ ಗೋವೆಯ ವಾಸ್ಕೋ, ಬೈನಾ, ಜುವಾರಿನಗರ, ಮಾಪುಸಾಗಳಲ್ಲಿ, ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳಗಳ ಕಡೆಯಿಂದ ದುಡಿಮೆಗಾಗಿ ಬಂದು, ಅಲ್ಲಿಯೇ ಮಕ್ಕಳು ಮೊಮ್ಮಕ್ಕಳನ್ನು ಕಂಡ ಕನ್ನಡಿಗರಿದ್ದಾರೆ. ಇವರ ಪೈಕಿ ಅನೇಕರ ಮುಖವು ಚಿತ್ರವಾಗುವುದು ಗುರುತಿನ ಚೀಟಿಗೆ ಮಾತ್ರ. ಅದೂ ಸರದಿಯಲ್ಲಿ ನಿಂತು, ಕೆಲಸದ ಬಟ್ಟೆಯಲ್ಲಿಯೇ, ತಲೆಯ ಮೇಲಿನ ಸಿಮೆಂಟಿನ ಧೂಳನ್ನು ಕೊಡವಿಕೊಳ್ಳುವಷ್ಟೂ ವ್ಯವಧಾನವಿಲ್ಲದೆ. ತನ್ನ ಮುಖವನ್ನು ತಾನೇ ಸಜ್ಜುಗೊಳಿಸಿಕೊಂಡು ಕ್ಯಾಮೆರಾಕ್ಕೆ ಒಪ್ಪಿಸುವುದನ್ನು ಉಳ್ಳವರ ವಿಲಾಸವೆಂದು ತಳ್ಳಿಹಾಕಲಾಗದು. ಅದು ಮನುಷ್ಯನಿಗೆ ಸಲ್ಲಬೇಕಾದ ಮರ್ಯಾದೆಯೆಂದೂ, ಆ ಸಿದ್ಧತೆಯಲ್ಲಿ ಅರ್ಧಭಾಗವು ಚಿತ್ರ ತೆಗೆಯುವವನ ಹೊಣೆಯೆಂದೂ ನನ್ನ ಅಭಿಪ್ರಾಯ.

ಹಿಂದಿನವರು ಇದನ್ನು ನಮಗಿಂತ ಚೆನ್ನಾಗಿ ಬಲ್ಲವರಾಗಿದ್ದರು. 1839ರಲ್ಲಿ ಛಾಯಾಗ್ರಹಣವು ಲೋಕಕ್ಕೆ ಪ್ರಕಟವಾದ ಮೊದಲ ವರ್ಷಗಳಲ್ಲಿ, ಬೆಳಕಿಗೆ ನಿಧಾನವಾಗಿ ಸ್ಪಂದಿಸುತ್ತಿದ್ದ ಫಲಕಗಳ ಮುಂದೆ ಬಹಳ ಹೊತ್ತು ಅಲುಗಾಡದೆ ಕುಳಿತಿರಬೇಕಾಗಿದ್ದುದರಿಂದ, ಕುಳಿತವರ ತಲೆಯ ಹಿಂಬದಿಗೆ ಕಬ್ಬಿಣದ ಆಸರೆಯನ್ನಿರಿಸುತ್ತಿದ್ದರು. ಹಳೆಯ ಚಿತ್ರಗಳ ಆ ಗಂಭೀರ ಮುಖಮುದ್ರೆಗೆ ಶಿಷ್ಟಾಚಾರದಷ್ಟೇ ಈ ಆಸರೆಯೂ ಕಾರಣ. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಪೋರ್ಚುಗೀಸರ ಗೋವೆಯಲ್ಲಿ ಸೌಜಾ ಮತ್ತು ಪಾಲ್ ಎಂಬ ಚಿತ್ರಶಾಲೆಯು ಹೆಸರುವಾಸಿಯಾಗಿತ್ತು. ಅಂತಹ ಕಡೆ ಚಿತ್ರಕ್ಕೆ ಕುಳಿತುಕೊಳ್ಳುವುದೆಂದರೆ ಮನೆಮಂದಿಯೆಲ್ಲ ಮಡಿಚಿಟ್ಟ ಒಳ್ಳೆಯ ಬಟ್ಟೆಗಳನ್ನು ಹೊರತೆಗೆದು ಉಟ್ಟು ಹೊರಡುವಂತಹ ಸಂಭ್ರಮ. ತೀರ ಈಚಿನವರೆಗೂ ನಮ್ಮ ತಾಲ್ಲೂಕು ಪಟ್ಟಣಗಳ ಸ್ಟುಡಿಯೋಗಳಲ್ಲಿ ಒಳಕೋಣೆಯ ಬಾಗಿಲ ಪಕ್ಕದಲ್ಲೊಂದು ಕನ್ನಡಿ, ಕೆಲವು ಹಲ್ಲುಗಳುದುರಿದ ಬಾಚಣಿಗೆ, ಪೌಡರಿನ ಡಬ್ಬಿ, ಮೊಳೆಗೆ ತೂಗುಹಾಕಿದ ಕರಿಯ ಕೋಟು ಇವಿಷ್ಟು ಇದ್ದೇ ಇರುತ್ತಿದ್ದವು. ಊರಿನ ಅರ್ಧದಷ್ಟು ಗಂಡಸರು ಒಂದೇ ಕೋಟಿನಲ್ಲಿ ಚಿತ್ರವಾಗಿರುವುದನ್ನು ಕಂಡು ನಗುವುದು ಸುಲಭ. ಆದರೆ ಕೂಲಿಯವನೊಬ್ಬನು ಆ ಕೋಟನ್ನು ತೊಟ್ಟು, ಕನ್ನಡಿಯ ಮುಂದೆ ಅರೆಗಳಿಗೆ ನಿಂತು, ತಾನು ಹೇಗೆ ಕಾಣಬೇಕೆಂಬುದನ್ನು ತಾನೇ ನಿಶ್ಚಯಿಸಿಕೊಳ್ಳುತ್ತಿದ್ದನಲ್ಲ, ಆ ಅರೆಗಳಿಗೆಯ ಬೆಲೆಯು ಈಗ ನಮಗೆ ತಿಳಿಯದಾಗಿದೆ.

ಇನ್ನು ಸಿದ್ಧತೆಯ ವಿಷಯ. ಹಿಂದಿನ ರಾತ್ರಿ ನಿದ್ರೆಯು ಸಾಕಷ್ಟಾಗಿರಬೇಕು, ಕ್ಷೌರವನ್ನು ಅದೇ ದಿನ ಮಾಡಿಸದೆ ಕೆಲವು ದಿನ ಮುಂಚೆಯೇ ಮಾಡಿಸಿರಬೇಕು, ಹೊಸ ಉಡುಪಾದರೆ ಒಮ್ಮೆಯಾದರೂ ಉಟ್ಟು ಮೈಗೆ ಒಗ್ಗಿಸಿಕೊಂಡಿರಬೇಕು ಎಂಬಿವು ಎಲ್ಲರೂ ಬಲ್ಲ ಮಾತುಗಳು. ಬಟ್ಟೆಯ ಆಯ್ಕೆಯಲ್ಲಿ ಮಾತ್ರ ನಮ್ಮವರು ತಮ್ಮ ಮನೆಯ ಪೆಟ್ಟಿಗೆಯನ್ನು ಬಿಟ್ಟು ಅಂಗಡಿಗೆ ಧಾವಿಸುವುದೇಕೆಂಬುದು ನನಗೆ ಅರ್ಥವಾಗದು. ಥಳಥಳಿಸುವ ಹೊಳಪಿನ ಬಟ್ಟೆಯು ಬೆಳಕನ್ನೆಲ್ಲ ತಾನೇ ಹಿಂದಿರುಗಿಸಿ ಮುಖವನ್ನು ಮಂಕಾಗಿಸುತ್ತದೆ. ತೀರ ಸಣ್ಣ ಗೆರೆಗಳೂ ಚೌಕುಳಿಗಳೂ ಡಿಜಿಟಲ್ ಚಿತ್ರದಲ್ಲಿ ಅಲೆಯಲೆಯಾಗಿ ಕಲಸಿಹೋಗುವುದುಂಟು. ಇಳಕಲ್ಲಿನ ಸೀರೆಯ ಗಾಢವಾದ ಮೈಬಣ್ಣ, ಕೆಂಪು ರೇಷ್ಮೆಯ ಸೆರಗು, ಅದಕ್ಕೊಪ್ಪುವ ಗುಳೇದಗುಡ್ಡದ ಖಣದ ಕುಪ್ಪಸ ಇವು ಶ್ಯಾಮಲವಾದ ಮುಖವನ್ನು ಎತ್ತಿ ತೋರಿಸುವಷ್ಟು ಚೆಲುವಾಗಿ ಬಾಡಿಗೆಯ ಗೌನು ತೋರಿಸಲಾರದು. ಮಗಳ ಮದುವೆಯ ಮಾತುಕತೆಗೆಂದು ಚಿತ್ರ ತೆಗೆಸಲು ಬಂದ ತಾಯಿಯು ಇಂತಹ ಸೀರೆಯನ್ನುಟ್ಟು ಬಂದು, ಮಗಳಿಗೆ ಮಾತ್ರ ಬೇರೆಯವರ ಉಡುಪನ್ನು ಹೊಂದಿಸುವುದನ್ನು ನೋಡಿದಾಗ ಏನನ್ನಾದರೂ ಹೇಳಬೇಕೆನಿಸಿದರೂ ಹೇಳುವ ಅಧಿಕಾರ ನಮಗಿಲ್ಲದಿರುವುದರಿಂದ ಸುಮ್ಮನಾಗಬೇಕಾಗುತ್ತದೆ.

ಬೆಳಕಿನ ವಿಷಯದಲ್ಲಿ ಗೋವೆಗೆ ಒಂದು ವಿಶೇಷ ಭಾಗ್ಯವಿದೆ. ಕಡಲ ತೀರದ ಮಧ್ಯಾಹ್ನದ ಬಿಸಿಲು ಹುಬ್ಬಿನ ಕೆಳಗೆ ಕಪ್ಪು ನೆರಳನ್ನು ಸುರಿದು ಕಣ್ಣುಗಳನ್ನು ಗುಳಿಗಳನ್ನಾಗಿಸುವುದರಿಂದ, ಪಡುವಣ ಸಮುದ್ರದ ಮೇಲೆ ಸೂರ್ಯನು ಇಳಿಯುವುದಕ್ಕೆ ಮುಂಚಿನ ಒಂದು ಗಂಟೆಯನ್ನು ಎಲ್ಲರೂ ಅರಸುವುದು ಸಹಜವೇ. ಆದರೆ ಒಳನಾಡಿನ ಹಳೆಯ ಮನೆಗಳಲ್ಲಿ, ಗಾಜಿನ ಬದಲಿಗೆ ಚಪ್ಪಟೆಯಾದ ಸಿಂಪಿಯ ಚಿಪ್ಪುಗಳನ್ನು ಮರದ ಚೌಕಟ್ಟಿನಲ್ಲಿ ಸಾಲಾಗಿ ಜೋಡಿಸಿದ ಕಿಟಕಿಗಳಿವೆ. ಬಿಸಿಲು ಆ ಚಿಪ್ಪುಗಳ ಮೂಲಕ ಹಾಯುವಾಗ ತನ್ನ ಕಾಠಿಣ್ಯವನ್ನೆಲ್ಲ ಕಳೆದುಕೊಂಡು, ಕೆನೆಹಾಲಿನಂತೆ ಮೃದುವಾಗಿ ಒಳಗೆ ಹರಡುತ್ತದೆ. ಯುರೋಪಿನ ಆದಿಕಾಲದ ಛಾಯಾಗ್ರಾಹಕರು ಇಂತಹ ಬೆಳಕಿಗಾಗಿಯೇ ಮಹಡಿಯ ಮೇಲೆ ಗಾಜಿನ ಮಾಡು ಹೊದಿಸಿ, ಉತ್ತರ ದಿಕ್ಕಿಗೆ ಅದನ್ನು ತಿರುಗಿಸಿ, ಪರದೆಗಳನ್ನು ಎಳೆಯುತ್ತ ಬಿಡುತ್ತ ಹೆಣಗಿದರು. ಇಲ್ಲಿ ಚಿಪ್ಪಿನ ಕಿಟಕಿಯೊಂದರ ಪಕ್ಕದಲ್ಲಿ ಸ್ಟೂಲು ಹಾಕಿ ಕುಳ್ಳಿರಿಸಿದರೆ ಸಾಕು, ಬಿಸಿಲಿನಲ್ಲಿ ಬೆಂದ ಮುಖದ ಒಂದೊಂದು ರೇಖೆಯೂ ತನ್ನ ಘನತೆಯಿಂದಲೇ ಕಾಣಿಸಿಕೊಳ್ಳುತ್ತದೆ. ಚಿಪ್ಪಿನ ಕಿಟಕಿಗಳು ಹೋಗಿ ಕಪ್ಪು ಗಾಜಿನ ಅಲ್ಯೂಮಿನಿಯಂ ಚೌಕಟ್ಟುಗಳು ಬಂದ ಮನೆಗಳೂ ಉಂಟು. ಆ ದುಃಖವನ್ನು ಇಲ್ಲಿ ಬೆಳೆಸುವುದಿಲ್ಲ.

ಹಿನ್ನೆಲೆಗೂ ಸಿದ್ಧತೆ ಬೇಕು. ಫೊಂತೈನ್ಯಾಸಿನ ಗೋಡೆಯು ಯಾರೋ ವಾಸವಾಗಿರುವ ಮನೆಯ ಗೋಡೆ. ಅವರ ಜಗಲಿಯನ್ನೇರಿ ನಿಲ್ಲುವ ಮುನ್ನ ಬಾಗಿಲು ತಟ್ಟಿ ಕೇಳುವಷ್ಟು ಸೌಜನ್ಯವನ್ನು ಉಡುಪಿನ ಪೆಟ್ಟಿಗೆಯೊಡನೆ ತರಬೇಕು. ಡಿಯರ್ ಜಿಂದಗಿ ಚಲನಚಿತ್ರದಲ್ಲಿ ಕಾಣಿಸಿಕೊಂಡ ಮೇಲೆ ಪ್ರಸಿದ್ಧವಾದ ತನ್ನ ತೆಂಗಿನ ಸಾಲಿನ ರಸ್ತೆಯಲ್ಲಿ ಚಿತ್ರ ತೆಗೆಯುವವರ ಮೇಲೆ ಗೋವೆಯದೇ ಆದ ಪರ್ರಾ ಗ್ರಾಮದ ಪಂಚಾಯಿತಿಯು 2019ರಲ್ಲಿ 100ರಿಂದ 500 ರೂಪಾಯಿಯವರೆಗೆ ಸ್ವಚ್ಛತೆಯ ತೆರಿಗೆಯನ್ನು ವಿಧಿಸಿ, ಟೀಕೆಗೊಳಗಾಗಿ ಹಿಂತೆಗೆದುಕೊಂಡಿತು. ತೆರಿಗೆಯು ಸರಿಯಲ್ಲದಿರಬಹುದು, ಗ್ರಾಮದವರ ಬೇಸರವು ಸುಳ್ಳಲ್ಲ.

ಈಗ ನನ್ನ ಮುಖ್ಯವಾದ ತಕರಾರಿಗೆ ಬರುತ್ತೇನೆ. ಕ್ಯಾಮೆರಾದ ಬೆಳಕಳೆಯುವ ಯಂತ್ರವು ತನ್ನೆದುರಿಗಿರುವ ಸಮಸ್ತವನ್ನೂ ಸರಾಸರಿಯಾದ ಬೂದುಬಣ್ಣವೆಂದು ಭಾವಿಸಿ ಲೆಕ್ಕಹಾಕುವಂತಹದು. ಆದಕಾರಣ ಬಿಳಿಯ ಪರದೆಯ ಮುಂದೆ ಬಿಳಿಯ ಅಂಗಿ ತೊಟ್ಟು ಕುಳಿತ ಶ್ಯಾಮಲ ವರ್ಣದವನನ್ನು ಅದರ ಇಷ್ಟಕ್ಕೇ ಬಿಟ್ಟರೆ, ಅದು ಬಿಳುಪನ್ನು ತಗ್ಗಿಸಲು ಹೋಗಿ ಮುಖವನ್ನು ಇನ್ನಷ್ಟು ಕತ್ತಲಿಗೆ ತಳ್ಳುತ್ತದೆ. ಬಲ್ಲ ಛಾಯಾಗ್ರಾಹಕನು ಮುಖದ ಮೇಲೆ ಬಿದ್ದ ಬೆಳಕನ್ನೇ ಅಳೆದು ಇದನ್ನು ಸರಿಪಡಿಸುತ್ತಾನೆ; ಅವಸರದವನು ಚಿತ್ರ ತೆಗೆದಾದ ಮೇಲೆ ಕಂಪ್ಯೂಟರಿನಲ್ಲಿ ಮುಖಕ್ಕೆ ಸುಣ್ಣ ಬಳಿಯುತ್ತಾನೆ. ಕಳೆದ ಶತಮಾನದ ನಡುವಿನಲ್ಲಿ ಕೋಡಕ್ ಕಂಪನಿಯು ಬಣ್ಣಗಳ ಹದವನ್ನು ನೋಡಲು ಫಿಲ್ಮು ತೊಳೆದು ಚಿತ್ರ ಮುದ್ರಿಸುವ ಪ್ರಯೋಗಾಲಯಗಳಿಗೆ ಕಳುಹಿಸುತ್ತಿದ್ದ ಮಾದರಿ ಚಿತ್ರದಲ್ಲಿದ್ದುದು ಬಿಳಿಯ ಹೆಣ್ಣಿನ ಮುಖ. ಆ ಮುಖಕ್ಕೆ ಒಪ್ಪಿದ ಹದವೇ ಲೋಕದ ಎಲ್ಲ ಮುಖಗಳಿಗೂ ಹದವಾಯಿತು. ಫಿಲ್ಮು ಹೋಗಿ ದಶಕಗಳಾದರೂ ಆ ಪಕ್ಷಪಾತವು ನಮ್ಮ ಸ್ಟುಡಿಯೋಗಳಲ್ಲಿ ಟಚಪ್ ಎಂಬ ಹೆಸರಿನಲ್ಲಿ, ಫೋನುಗಳಲ್ಲಿ ಫಿಲ್ಟರ್ ಎಂಬ ಹೆಸರಿನಲ್ಲಿ ಸುಖವಾಗಿ ಬಾಳುತ್ತಿದೆ. ಮೊಡವೆಯೊಂದನ್ನು ಅಳಿಸುವುದಕ್ಕೆ ನನ್ನ ಆಕ್ಷೇಪವಿಲ್ಲ, ಅದು ವಾರದೊಳಗೆ ತಾನೇ ಹೋಗುವಂತಹದು. ಮೈಬಣ್ಣವು ತಂದೆತಾಯಿಗಳಿಂದ ಬಂದದ್ದು. ಅದನ್ನು ಕೇಳದೆಯೇ ತಿದ್ದುವವನು ಕುಳಿತವನನ್ನು ಅವಮಾನಿಸುತ್ತಾನೆ. ಅವನಿಗೆ ಹಣವನ್ನೂ ಕೊಟ್ಟು ಬರುವ ನಾವು ಅವಮಾನದಲ್ಲಿ ಪಾಲುದಾರರಾಗುತ್ತೇವೆ. ಚಿತ್ರಕ್ಕೆ ಕುಳಿತುಕೊಳ್ಳುವ ಮುನ್ನವೇ "ನನ್ನ ಬಣ್ಣವನ್ನು ಮುಟ್ಟಬೇಡಿ" ಎಂದು ಹೇಳುವುದು, ಬಾಚಣಿಗೆ ಕರವಸ್ತ್ರಗಳಿಗಿಂತ ಮೊದಲು ಮಾಡಿಕೊಳ್ಳಬೇಕಾದ ಸಿದ್ಧತೆ.

ಹಾಗೆ ಹೇಳುವ ಧೈರ್ಯವು ಹಣ ಕೊಡುವ ಗಿರಾಕಿಗೆ ಬಂದೀತು. ಗುತ್ತಿಗೆದಾರನ ಮೇಜಿನ ಮುಂದೆ ಸಾಲಿನಲ್ಲಿ ನಿಂತ ಗಾರೆಯ ಕೆಲಸದವನಿಗೆ ಬರುವುದೆಂತು? ಆದುದರಿಂದ ಕೂಲಿಕಾರರ ಗುರುತಿನ ಚೀಟಿಗಾಗಿ ಚಿತ್ರ ತೆಗೆಯುವ ಕಚೇರಿಗಳೂ ಕಂಪನಿಗಳೂ ಒಂದು ದಿನ ಮುಂಚಿತವಾಗಿ ತಿಳಿಸಲಿ. ಅಲ್ಲಿ ಕೈಕಾಲು ಮುಖ ತೊಳೆಯಲು ನೀರು, ಒಂದು ಕನ್ನಡಿ, ಕುಳಿತುಕೊಳ್ಳಲು ಒಂದು ಕುರ್ಚಿ ಇರಲಿ. ತೆಗೆದ ಚಿತ್ರವನ್ನು ಕುಳಿತವರಿಗೆ ತೋರಿಸಿ, ಒಪ್ಪಿಗೆಯಾಗದಿದ್ದರೆ ಇನ್ನೊಮ್ಮೆ ತೆಗೆಯಲಿ. 35 ಮಿಲಿಮೀಟರು ಅಗಲ, 45 ಮಿಲಿಮೀಟರು ಎತ್ತರದ ಆ ತುಣುಕು ಕಾಗದವೇ ಎಷ್ಟೋ ಮನೆಗಳಲ್ಲಿ, ಮನುಷ್ಯನು ತೀರಿಕೊಂಡ ಮೇಲೆ ಹಿಗ್ಗಿಸಿ ಚೌಕಟ್ಟು ಹಾಕಿಸಿ ಹೂಮಾಲೆ ತೊಡಿಸುವ ಏಕಮಾತ್ರ ಚಿತ್ರವಾಗುತ್ತದೆಯೆಂಬುದನ್ನು, ಗುಂಡಿಯನ್ನು ಒತ್ತುವ ಗುಮಾಸ್ತನಿಗೆ ಯಾರಾದರೂ ತಿಳಿಸಿ ಹೇಳಬೇಕು.