ಪ್ರವಾಸಿಯ ಗೃಹಸ್ಥಾಶ್ರಮ



ಮೂವತ್ತೈದು ವರ್ಷಗಳ ಕಾಲ ಶಾಲೆಯ ಮಕ್ಕಳಿಗೆ ವ್ಯಾಕರಣವನ್ನು ಹೇಳಿಕೊಟ್ಟ ನನಗೆ, ನಿವೃತ್ತನಾದ ಮೇಲೆ ನನ್ನ ಮನೆಯ ಬಾಗಿಲಿನಲ್ಲಿಯೇ ವ್ಯಾಕರಣದ ಒಂದು ಪಾಠವಾಯಿತು. ಪಾಠ ಹೇಳಿದವಳು ಐದು ವರ್ಷದ ನನ್ನ ಮೊಮ್ಮಗಳು. ಆ ಸಂಗತಿಯನ್ನು ಅರಿಕೆಮಾಡುವುದಕ್ಕೆ ಮೊದಲು ನಮ್ಮ ಮನೆಯ ಸ್ಥಿತಿಯನ್ನು ಸ್ವಲ್ಪ ವಿವರಿಸಬೇಕಾಗಿದೆ.

ಸಂಸ್ಕೃತದಲ್ಲಿ ‘ವಸ್’ ಎಂಬುದೊಂದು ಧಾತು. ವಾಸಮಾಡುವುದೆಂದು ಅದರ ಅರ್ಥ. ಅದಕ್ಕೆ ‘ನಿ’ ಎಂಬ ಉಪಸರ್ಗವು ಸೇರಿದರೆ ನಿವಾಸ, ‘ಪ್ರ’ ಸೇರಿದರೆ ಪ್ರವಾಸ, ‘ಉಪ’ ಸೇರಿದರೆ ಉಪವಾಸ. ಈ ಮೂರೂ ನಮ್ಮ ಮನೆಯಲ್ಲಿವೆ. ಮಗನದು ಪ್ರವಾಸ; ಸೊಸೆಯದು ನಿವಾಸ; ಅವನ ಗಾಡಿ ತಡವಾದ ರಾತ್ರಿ ಅವನ ತಾಯಿಯದು ಉಪವಾಸ.

ಮಗನಿಗೆ ಒಂದು ಬ್ಯಾಂಕಿನ ಲೆಕ್ಕತನಿಖೆಯ ವಿಭಾಗದಲ್ಲಿ ಉದ್ಯೋಗ. ನಾವಿರುವುದು ತುಮಕೂರಿನಲ್ಲಿ, ಅವನು ನೋಡಬೇಕಾದ ಶಾಖೆಗಳು ಹಾವೇರಿ, ಗದಗ, ಕೊಪ್ಪಳ, ಬಾಗಲಕೋಟೆಗಳ ಕಡೆಗೆ. ಭಾನುವಾರ ರಾತ್ರಿ ಹೊರಟನೆಂದರೆ ವಾರದ ಕೊನೆಯಲ್ಲಿ ಬೆಳಗಿನ ಜಾವಕ್ಕೆ ಮರಳುವನು. ಕೆಲವು ವೇಳೆ ಎರಡು ವಾರಗಳೂ ಆಗುವುದುಂಟು. ಅರಸೀಕೆರೆ, ಬೀರೂರು, ದಾವಣಗೆರೆ, ಹರಿಹರ, ಹಾವೇರಿ, ಹುಬ್ಬಳ್ಳಿ ಎಂದು ನಿಲ್ದಾಣಗಳ ಹೆಸರನ್ನು ನಮ್ಮ ಮೊಮ್ಮಗಳು ಮಗ್ಗಿಯಂತೆ ಒಪ್ಪಿಸುತ್ತಾಳೆ. ೨೦೨೩ರಲ್ಲಿ ಉದ್ಘಾಟನೆಯಾದ ಹುಬ್ಬಳ್ಳಿಯ ಪ್ಲಾಟ್‌ಫಾರಂ ೧೫೦೭ ಮೀಟರು ಉದ್ದವೆಂಬುದನ್ನು ವಾಚಕರು ಕೇಳಿರಬಹುದು. ಅಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೆ ಬೆಳಗಿನ ವ್ಯಾಯಾಮವು ಸಂಪೂರ್ಣವಾಯಿತೆಂದು ಮಗನು ಹೇಳಿದ ಮೇಲೆ, ಅವನ ತಾಯಿಯು ಚೀಲದಲ್ಲಿ ಇಡುತ್ತಿದ್ದ ಚಟ್ನಿಪುಡಿಯ ಗಾಜಿನ ಸೀಸೆಯನ್ನು ತೆಗೆದು ಹಗುರವಾದ ಡಬ್ಬಿಯನ್ನಿಟ್ಟಳು.

ಹೀಗೆ ತಿರುಗುವವರಿಗೆ ಸಣ್ಣ ಸಣ್ಣ ಸೋಜಿಗಗಳು ಎದುರಾಗುತ್ತಲೇ ಇರುತ್ತವೆ. ನಾವು ಕಡಲೆಪುರಿಯೆನ್ನುವ ಪದಾರ್ಥವು ದಾವಣಗೆರೆಯಲ್ಲಿ ಮಂಡಕ್ಕಿಯಾಗಿ, ತುಂಗಭದ್ರೆಯನ್ನು ದಾಟಿ ಹುಬ್ಬಳ್ಳಿಯನ್ನು ಮುಟ್ಟುವ ವೇಳೆಗೆ ಚುರುಮುರಿಯಾಗುತ್ತದೆ. ಹರಿಹರದ ಹೊಳೆಯ ಆಚೆಯ ದಡವು ೧೯೫೬ರ ನವೆಂಬರ್ ೧ರ ವರೆಗೆ ಮುಂಬಯಿ ರಾಜ್ಯಕ್ಕೆ ಸೇರಿತ್ತಷ್ಟೆ. ಎರಡು ದಡಗಳೂ ಒಂದೇ ರಾಜ್ಯವಾದರೂ ಪುರಿಯು ಮಾತ್ರ ತನ್ನ ಮೂರು ಹೆಸರುಗಳನ್ನು ಬಿಟ್ಟುಕೊಟ್ಟಿಲ್ಲ. ಒಂದು ದಿನ ಮಗನು ಮನೆಯಲ್ಲಿ, “ಅಮ್ಮಾ, ಚುರುಮುರಿ ಇದೆಯೇನಮ್ಮ?” ಎಂದು ಕೇಳಲಾಗಿ, ಅವನ ತಾಯಿಯು ಕ್ಷಣಕಾಲ ಯಾರದೋ ಮನೆಯ ಹುಡುಗನನ್ನು ನೋಡುವಂತೆ ಅವನ ಮುಖವನ್ನು ನೋಡಿದಳು.

ಮರಳಿದ ಮೊದಲ ರಾತ್ರಿ ಅವನಿಗೆ ದೀಪದ ಸ್ವಿಚ್ಚು ಸಿಕ್ಕುವುದಿಲ್ಲ. ತಾನು ಹುಟ್ಟಿ ಬೆಳೆದ ಮನೆಯಲ್ಲಿ ಗೋಡೆಯನ್ನು ತಡವರಿಸಿ, ಬೀರುವಿಗೆ ಹಣೆಯನ್ನು ತಾಗಿಸಿಕೊಂಡುದು ಎರಡು ಸಲ. ಸ್ನಾನವಾದ ಬಳಿಕ ಒದ್ದೆಯ ಟವೆಲನ್ನು ಬಚ್ಚಲಿನ ನೆಲದ ಮೇಲೆಯೇ ಬಿಡುವನು. ವಸತಿಗೃಹಗಳಲ್ಲಿ ಅದನ್ನು ಒಯ್ಯುವವರು ಬೇರೆ ಇರುವರಲ್ಲವೇ? ಅಲ್ಲಿ ಕೊಡುವ ಬೆರಳುದ್ದದ ಸಾಬೂನುಗಳು ನಮ್ಮ ಮನೆಯ ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ತುಂಬಿವೆ. ನಮ್ಮಲ್ಲಿಗೆ ಬರುವ ನೆಂಟರು ಕೈತೊಳೆಯುವುದು ಆ ಸಾಬೂನಿನಿಂದಲೇ.

ಇವೆಲ್ಲವೂ ನಗುವ ಸಂಗತಿಗಳೇ ಸರಿ. ಆದರೆ ಮನೆಯಲ್ಲಿ ಉಳಿದವರ ಕಥೆಯು ಬೇರೆ. ಸೊಸೆಯು ಶಾಲೆಯೊಂದರಲ್ಲಿ ಅಧ್ಯಾಪಕಿ. ಗ್ಯಾಸಿನ ಸಿಲಿಂಡರನ್ನು ಬದಲಾಯಿಸುವವಳು, ನಲ್ಲಿಯ ನೀರು ಬಂದ ಹೊತ್ತಿಗೆ ಮೋಟಾರನ್ನು ಹಾಕುವವಳು, ವಿದ್ಯುತ್ತಿನ ಬಿಲ್ಲನ್ನು ಕಟ್ಟುವವಳು ಎಲ್ಲವೂ ಅವಳೇ. ಹೀಗಿರುವಲ್ಲಿ ಮಗನು ಒಂದು ಶನಿವಾರ ಅಡುಗೆಮನೆಯನ್ನು ಹೊಕ್ಕು, ಉಪ್ಪಿನ ಡಬ್ಬಿಯು ಇಲ್ಲೇಕಿದೆ, ಬೇಳೆಯ ಡಬ್ಬಿಯು ಅಲ್ಲೇಕಿದೆ ಎಂದು ಅವುಗಳ ಸ್ಥಾನವನ್ನು ಪಲ್ಲಟಗೊಳಿಸಿದನು. ಸೊಸೆಯು ಧ್ವನಿಯನ್ನು ಏರಿಸದೆ ಹೇಳಿದಳು: “ಡಬ್ಬಿಯ ಜಾಗವನ್ನು ಗೊತ್ತುಮಾಡಬೇಕಾದವರು ದಿನವೂ ಒಗ್ಗರಣೆ ಹಾಕುವವರು, ವಾರಕ್ಕೊಮ್ಮೆ ಉಣ್ಣುವವರಲ್ಲ.” ಡಬ್ಬಿಗಳು ಸ್ವಸ್ಥಾನಕ್ಕೆ ಮರಳಿದುವು. ಆ ಹಗಲು ಮನೆಯಲ್ಲಿ ಮಾತು ಕಡಿಮೆಯಾಗಿತ್ತು.

ಇನ್ನೊಂದು ಸಲ ಮಗುವಿಗೆ ರಾತ್ರಿ ಒಂದು ಗಂಟೆಗೆ ಜ್ವರವು ಏರಿತು. ಸೊಸೆಯೂ ನನ್ನ ಮನೆಯಾಕೆಯೂ ಆಟೋ ಹಿಡಿದು ಮಗುವನ್ನು ಆಸ್ಪತ್ರೆಗೆ ಕರೆದೊಯ್ದರು. ಮಗನಿಗೆ ವಿಷಯವು ತಿಳಿದುದು ಮರುದಿನ, ಜ್ವರವಿಳಿದ ಮೇಲೆ. “ರಾತ್ರಿಯೇ ಏಕೆ ತಿಳಿಸಲಿಲ್ಲ?” ಎಂದು ಅವನು ಕೇಳಿದನು. “ತಿಳಿಸಿದ್ದರೆ ನಾನೂರು ಕಿಲೋಮೀಟರು ದೂರದಿಂದ ಮಾಡುವುದೇನಿತ್ತು?” ಎಂದು ಇವಳು ಹೇಳಿದಳು. ಇಬ್ಬರ ಮಾತೂ ನ್ಯಾಯವಾದುದೇ. ಆದುದರಿಂದಲೇ ಅದಕ್ಕೆ ಪರಿಹಾರವು ಕಷ್ಟ.

ಈಗ ಮೊದಲು ಹೇಳಿದ ಪಾಠಕ್ಕೆ ಬರುತ್ತೇನೆ. ಒಂದು ಭಾನುವಾರ ರಾತ್ರಿ ಮಗನು ಹೊರಟು ನಿಂತಿದ್ದನು, ಆಟೋ ಬಂದಿತ್ತು. ಮೊಮ್ಮಗಳು ಗೇಟಿನ ಬಳಿ ನಿಂತು, ಎರಡು ಕೈಗಳನ್ನೂ ಜೋಡಿಸಿ, “ಹೋಗಿ ಬನ್ನಿ. ಮುಂದಿನ ಸಲ ಬಂದಾಗ ಎರಡು ದಿನ ಇದ್ದು ಹೋಗಬೇಕು” ಎಂದಳು. ನೆಂಟರನ್ನು ಕಳುಹಿಸುವಾಗ ಅವಳ ಅಜ್ಜಿಯು ಹೇಳುವ ಮಾತನ್ನು ಮಗುವು ಅಕ್ಷರಶಃ ಕಲಿತಿದ್ದಿತು. ನಾವೆಲ್ಲರೂ ನಕ್ಕೆವು, ಮಗನೂ ನಕ್ಕನು. ಆದರೆ ಅವನ ಗಾಡಿಯು ಅರಸೀಕೆರೆಯನ್ನು ಮುಟ್ಟಿದ ಹೊತ್ತಿಗೆ ನನಗೆ ದೂರವಾಣಿಯ ಕರೆ ಬಂದಿತು. “ಅಪ್ಪಾ, ಪುಟ್ಟಿ ನನಗೆ ‘ಬಾ’ ಎನ್ನುತ್ತಿದ್ದಳಲ್ಲವೇ?” ಎಂದನು. ನಾನು ಏನು ಹೇಳಲಿ? ಬಹುವಚನವು ಗೌರವವನ್ನು ಸೂಚಿಸುತ್ತದೆಂದು ಎಷ್ಟೋ ವರ್ಷ ಕರಿಹಲಗೆಯ ಮೇಲೆ ಬರೆದವನು ನಾನು. ಅದು ದೂರವನ್ನೂ ಸೂಚಿಸುತ್ತದೆಂಬುದನ್ನು ಆ ರಾತ್ರಿ ಕಲಿತೆನು.

ಬರುವುದಕ್ಕೆ ನಿಯತವಾದ ತಿಥಿಯಿಲ್ಲದವನು ಅತಿಥಿ ಎಂದು ನಮ್ಮಲ್ಲಿ ಪದವನ್ನು ಬಿಡಿಸುವ ವಾಡಿಕೆಯುಂಟು. ಒಂದು ರಾತ್ರಿ ಮಾತ್ರ ತಂಗುವವನೆಂದು ಮನುಸ್ಮೃತಿಯು ಅರ್ಥವನ್ನು ಹೇಳುತ್ತದೆ. ಎರಡು ಲಕ್ಷಣಗಳೂ ನನ್ನ ಮಗನಿಗೆ ಹೊಂದುತ್ತಿದ್ದುವು. ಅವನನ್ನು ಹಾಗೆ ಮಾಡಿದವರು ಯಾರು? ಮಗುವಲ್ಲ, ನಾವೇ. ಅವನು ಬಂದ ದಿನ ಹೋಳಿಗೆ, ಕುಡಿಬಾಳೆ, ಮೆತ್ತನೆಯ ಹಾಸಿಗೆ. “ದಣಿದು ಬಂದಿದ್ದಾನೆ, ಏನನ್ನೂ ಹೇಳಬೇಡಿ” ಎಂಬ ಅವನ ತಾಯಿಯ ಅಪ್ಪಣೆ. ಉಪಚಾರವು ಹೆಚ್ಚಿದಷ್ಟೂ ಅಧಿಕಾರವು ಕುಗ್ಗಿತು. ಅವನಿಲ್ಲದೆ ನಡೆಯದಂತಹ ಕೆಲಸವು ಈ ಮನೆಯಲ್ಲಿ ಒಂದೂ ಉಳಿದಿರಲಿಲ್ಲ.

ನಾನು ಪರೀಕ್ಷೆಯ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ವರ್ಷಕ್ಕೊಮ್ಮೆ ಪರಸ್ಥಳಕ್ಕೆ ಹೋಗುತ್ತಿದ್ದ ಕಾಲವು ನೆನಪಾಗುತ್ತದೆ. ಎಸ್.ಟಿ.ಡಿ. ಬೂತಿನ ಮುಂದೆ, ದರವಿಳಿಯುವ ರಾತ್ರಿಯ ಹೊತ್ತಿಗಾಗಿ ಕಾದು ನಿಂತು ಎರಡು ನಿಮಿಷ ಮಾತಾಡುತ್ತಿದ್ದೆವು. ಮನೆಗೆ ಬಂದೊಡನೆ, ಸೋರುವ ಹೆಂಚು, ಹರಿದ ಚಪ್ಪಲಿ, ಪಡಿತರದ ಸೀಮೆಎಣ್ಣೆ ಎಂದು ನನ್ನಾಕೆಯು ಕೆಲಸಗಳ ಪಟ್ಟಿಯನ್ನು ಓದುತ್ತಿದ್ದಳು. ಆಗ ನಾನು ಗೊಣಗುತ್ತಿದ್ದೆ. ಆ ಪಟ್ಟಿಯೇ ನನ್ನ ಆಸನವಾಗಿತ್ತೆಂಬುದು ಈಗ ತಿಳಿಯುತ್ತದೆ.

ಹಿಂದಿನವರು ಇದನ್ನು ಅರಿತಿದ್ದರು. ಅಗ್ನಿಯನ್ನು ಇರಿಸಿಕೊಂಡ ಗೃಹಸ್ಥನು ಊರನ್ನು ಬಿಡುವಾಗಲೂ, ಮರಳಿದಾಗಲೂ ಅಗ್ನಿಯ ಎದುರಿನಲ್ಲಿ ನಿಂತು ಉಪಸ್ಥಾನವನ್ನು ಮಾಡಬೇಕೆಂಬುದು ವಿಧಿ. ಪ್ರವಾಸದಿಂದ ಬಂದ ತಂದೆಯು ಮಗನ ತಲೆಯನ್ನು ಕೈಗಳಲ್ಲಿ ಹಿಡಿದು, ಮಂತ್ರವನ್ನು ಜಪಿಸಿ, ನೆತ್ತಿಯನ್ನು ಮೂಸಬೇಕೆಂದು ಆಶ್ವಲಾಯನ ಗೃಹ್ಯಸೂತ್ರವು ಹೇಳುತ್ತದೆ. ಮಗಳಿಗಾದರೆ ಮಂತ್ರವಿಲ್ಲದೆ ಅದೇ ಕ್ರಿಯೆ. ಬಂದವನಿಗೆ ಮೊದಲು ಭಕ್ಷ್ಯವಲ್ಲ, ಕರ್ತವ್ಯ! ‘ಮೇಘದೂತ’ದಲ್ಲಿ ಯಕ್ಷನ ಹೆಂಡತಿಯು ಉಳಿದ ತಿಂಗಳುಗಳನ್ನು ಹೊಸ್ತಿಲಿನ ಮೇಲಿಟ್ಟ ಹೂವುಗಳಿಂದ ಎಣಿಸುವಳೆಂದು ಕಾಳಿದಾಸನು ವರ್ಣಿಸುತ್ತಾನಲ್ಲವೇ? ಇಲ್ಲದವನ ಲೆಕ್ಕವು ಮನೆಯಲ್ಲಿ ಕಣ್ಣಿಗೆ ಕಾಣುವಂತೆ ಇರಬೇಕು.

ನಾನು ಪುಸ್ತಕಗಳಲ್ಲಿ ಹುಡುಕಿದ ಉಪಾಯವನ್ನು ಸೊಸೆಯು ಗೋಡೆಯ ಮೇಲೆ ಕಂಡುಹಿಡಿದಳು. ನಮ್ಮ ನಡುಮನೆಯಲ್ಲಿ ನನ್ನ ತಂದೆಯವರು ಕೊಂಡಿದ್ದ, ಲೋಲಕವಿರುವ ಗಡಿಯಾರವೊಂದಿದೆ. ಒಮ್ಮೆ ಕೀಲಿ ಕೊಟ್ಟರೆ ಎಂಟು ದಿನ ನಡೆಯುತ್ತದೆ. ಭಾನುವಾರ ಕೀಲಿ ಕೊಡುವ ಕೆಲಸವು ನನ್ನದಾಗಿತ್ತು. “ಇನ್ನು ಮೇಲೆ ಅದು ಅವರ ಕೆಲಸ ಮಾವ, ಅವರಿಲ್ಲದಾಗ ಯಾರೂ ಮುಟ್ಟಬಾರದು” ಎಂದಳು. “ಗಡಿಯಾರವು ನಿಂತುಹೋದರೆ?” ಎಂದೆ. “ನಿಲ್ಲಲಿ. ಅವರಿಲ್ಲದಿದ್ದರೆ ಈ ಮನೆಯಲ್ಲಿ ಒಂದಾದರೂ ನಿಲ್ಲಬೇಕು” ಎಂದಳು. ನಾನು ಎದುರು ಹೇಳಲಿಲ್ಲ.

ಮಗನು ಎರಡು ವಾರ ತಡೆದಾಗ ಗಡಿಯಾರವು ನಿಂತಿತು. ನಿಂತ ಗಡಿಯಾರವನ್ನು ಸರಿಪಡಿಸುವುದು ಅವಸರದ ಕೆಲಸವಲ್ಲ. ದೊಡ್ಡ ಮುಳ್ಳನ್ನು ಮುಂದಕ್ಕೇ ತಿರುಗಿಸಬೇಕು. ಅರ್ಧಗಂಟೆಗೊಮ್ಮೆ, ಪೂರ್ಣಗಂಟೆಗೊಮ್ಮೆ ನಿಲ್ಲಿಸಿ ಅದು ಬಡಿದು ಮುಗಿಸುವವರೆಗೆ ಕಾಯಬೇಕು. ಮಗನು ಮಗುವನ್ನು ಎತ್ತಿಕೊಂಡು ಮುಳ್ಳನ್ನು ತಿರುಗಿಸಿದನು. ಅವಳು ಬಡಿತಗಳನ್ನು ಎಣಿಸಿದಳು. ಹನ್ನೊಂದಾದ ಮೇಲೆ ಹನ್ನೆರಡನ್ನು ಬಡಿಯುವಾಗ ಇಬ್ಬರೂ ಕೂಡಿ ಕೂಗಿ ಎಣಿಸುತ್ತಿದ್ದುದು ಬೀದಿಗೆ ಕೇಳುತ್ತಿದ್ದಿತು.

ಈ ಕ್ರಮವನ್ನು ಕೆಡಿಸಿದವನು ನಾನು. ಕಳೆದ ಸೆಪ್ಟೆಂಬರಿನಲ್ಲಿ ಅವನ ತನಿಖೆಯು ಹದಿಮೂರು ದಿನಗಳಿಗೆ ಬೆಳೆಯಿತು. ಎಂಟನೆಯ ರಾತ್ರಿ ಗಡಿಯಾರದ ಸದ್ದು ಕುಗ್ಗಿತು. ಅರುವತ್ತು ವರ್ಷ ಆ ಸದ್ದಿನಲ್ಲಿ ಮಲಗಿದವನಿಗೆ ನಿದ್ರೆ ಬರಲಿಲ್ಲ. ಕಳ್ಳನಂತೆ ಎದ್ದು, ಕೀಲಿ ಕೊಟ್ಟು, ಬಂದು ಮಲಗಿದೆ.

ಮಗನು ಶನಿವಾರ ಬೆಳಗಿನ ಜಾವ ಬಂದನು. ಚೀಲವನ್ನು ಇಳಿಸಿದವನು ನಡುಮನೆಯಲ್ಲಿ ಹಾಗೆಯೇ ನಿಂತನು. ಗಡಿಯಾರವು ಸರಿಯಾಗಿ ನಡೆಯುತ್ತಿದ್ದಿತು. ಅವನು ಏನನ್ನೂ ಕೇಳಲಿಲ್ಲ. ಎದ್ದು ಬಂದ ಮೊಮ್ಮಗಳು, “ತಾತ ಕೀಲಿ ಕೊಟ್ಟುಬಿಟ್ಟರು!” ಎಂದು ಅಳತೊಡಗಿದಳು. ಸೊಸೆಯು ನನ್ನ ಕಡೆಗೆ ನೋಡಿದ ನೋಟವನ್ನು ಇಲ್ಲಿ ವಿವರಿಸಲಾರೆ. ಆಗ ಮಗನು ಕೈಯನ್ನೆತ್ತಿ ಲೋಲಕವನ್ನು ಹಿಡಿದು ನಿಲ್ಲಿಸಿದನು. ಕಾಫಿಯಾಗಿ, ಸ್ನಾನವಾಗಿ, ದೋಸೆಯಾಗುವವರೆಗೂ ಗಡಿಯಾರವು ನಿಂತೇ ಇತ್ತು. ಬಳಿಕ ತಂದೆ ಮಗಳಿಬ್ಬರೂ ಅದನ್ನು ನಡೆಸಿದರು. ನಾನು ಜಗಲಿಯಲ್ಲಿ ಕುಳಿತು ಎಣಿಕೆಯನ್ನು ಕೇಳಿದೆ.

ನಮ್ಮಂತಹ ಮನೆಗಳು ಈಗ ಬೀದಿಗೊಂದು ಇವೆ. ಅವರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಬಂದವನಿಗೆ ಪ್ರತಿ ಸಲವೂ ಹಬ್ಬದಡುಗೆಯನ್ನು ಮಾಡಬೇಡಿರಿ. ಇದ್ದುದನ್ನೇ ಬಡಿಸಿರಿ, ಆದರೆ ಅವನಿಗೆಂದೇ ಒಂದು ಕೆಲಸವನ್ನು ಉಳಿಸಿರಿ. ಬಂದವರು ಮೊದಲ ದಿನವೇ ಡಬ್ಬಿಗಳನ್ನು ಮುಟ್ಟದಿರಲಿ. ಪ್ರತಿ ಸಲವೂ ಉಡುಗೊರೆಯನ್ನು ತಂದರೆ ಮಗುವು ಮುಖವನ್ನು ಬಿಟ್ಟು ಚೀಲವನ್ನು ನೋಡಲು ಕಲಿಯುತ್ತದೆ. ಮಗುವಿಗೆ ಜ್ವರವು ಬಂದರೆ ಅದೇ ರಾತ್ರಿ ತಿಳಿಸಿರಿ. ದೂರವಿದ್ದವನು ಏನನ್ನೂ ಮಾಡಲಾರನು ನಿಜ, ಆದರೆ ಎಚ್ಚರವಾಗಿರಬಲ್ಲನು. ಆ ಎಚ್ಚರವೂ ಸಂಸಾರದಲ್ಲಿ ಅವನ ಪಾಲು. ಅದನ್ನು ಅವನಿಂದ ಕಿತ್ತುಕೊಳ್ಳಬಾರದು. ಈ ಕಡೆಯ ಮಾತನ್ನು ನಮ್ಮ ಸೊಸೆಯು ಈಗ ಒಪ್ಪಿದ್ದಾಳೆ.

ಮೊನ್ನೆಯ ಭಾನುವಾರ ಮಗನು ಗಡಿಯಾರಕ್ಕೆ ಕೀಲಿ ಕೊಟ್ಟು ಹೊರಟನು. ಕೀಲಿಯನ್ನು ನನ್ನ ಕೈಗೆ ಸಿಕ್ಕದಂತೆ ಸೊಸೆಯು ಬೀರುವಿನಲ್ಲಿಟ್ಟಳು. ಮೊಮ್ಮಗಳು ಗೇಟಿನ ಸರಳುಗಳ ನಡುವೆ ಮುಖವನ್ನು ತೂರಿಸಿ, “ಅಪ್ಪಾ, ಎಂಟು ದಿನದೊಳಗೆ ಬಾ. ಗಡಿಯಾರ ನಿಂತುಬಿಡುತ್ತೆ!” ಎಂದು ಕೂಗಿದಳು.

ಆಟೋ ತಿರುವಿನವರೆಗೆ ಹೋಗಿತ್ತು. ಮಗನು ಹೊರಗೆ ತಲೆಹಾಕಿ ನೋಡಿದನು. ಏಕವಚನವು ಅವನಿಗೂ ಕೇಳಿಸಿರಬೇಕು.